ಗನ್ ಲೈಸೆನ್ಸ್ ಅರ್ಜಿ ತುಂಬಿಕೊಡುವ ಅಂಗಡಿ: ಐದಕ್ಕೆ ಎರಡು ಸ್ಟಾರ್

ಎರಡು ಸ್ಟಾರ್ ಕೊಟ್ಟಿದ್ದೇನೆ. ಒಂದು, ಅಲ್ಲಿ ಸ್ಕ್ಯಾನಿಂಗ್ ಮಾಡುವ ಹುಡುಗನಿಗೆ. ಇನ್ನೊಂದು, ಕೊನೆಗೆ ಅರ್ಧ ದುಡ್ಡು ವಾಪಸ್ ಕೊಟ್ಟರಲ್ಲ, ಅದಕ್ಕೆ. ಅಂಗಡಿಯ ಹೆಸರು ಹಾಕುವುದಿಲ್ಲ, ಊರೂ ಬೇಡ. ಮಲೆನಾಡಿನ ಒಂದು ಡಿಸಿ ಆಫೀಸಿನ ಎದುರು, ಮೊದಲ ಮಹಡಿ, ಕೆಳಗೆ ಜೆರಾಕ್ಸ್, ಮೇಲೆ ಇ-ಸ್ಟಾಂಪು, ಅಫಿಡವಿಟ್ಟು, ಗನ್ ಲೈಸೆನ್ಸು. ಇಂಥ ಅಂಗಡಿ ಎಲ್ಲ ಊರಲ್ಲೂ ಇರುತ್ತದೆ, ಅಲ್ವಾ? ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಹಾಗೆ ಹಿಂದೆ ಕುಡಿತಕ್ಕೆ ಟ್ರೀಟ್‌ಮೆಂಟ್ ತಗೊಂಡವರು ಹೋದರೆ ಅಲ್ಲೆಲ್ಲ ಸಿಗುವುದು ಹೆಚ್ಚುಕಮ್ಮಿ ಒಂದೇ ಸಲಹೆ: ಅದನ್ನು ಮುಚ್ಚಿಡಿ.

ಮೊದಲು ನನ್ನ ಕಥೆ. ಅಪ್ಪನ ಹತ್ತಿರ ಒಂದು .32 ರಿವಾಲ್ವರ್ ಇದೆ. ತೋಟದ ಬಟವಾಡೆಗೆ ಬ್ಯಾಂಕಿನಿಂದ ನೋಟಿನ ಕಟ್ಟು ಜೀಪಿನಲ್ಲಿ ತರುತ್ತಿದ್ದ ಕಾಲದಲ್ಲಿ ತೆಗೆದದ್ದು. ಈಗ ಅಪ್ಪನಿಗೆ 74. ಲೈಸೆನ್ಸ್ ಇರುವವರಿಗೆ 70 ತುಂಬಿದರೆ, ಅಥವಾ ಆಯುಧ ಇಟ್ಟುಕೊಂಡು 25 ವರ್ಷ ಆಗಿದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಕೊಡಲು 2016ರ ಆಯುಧ ನಿಯಮಗಳಲ್ಲಿ ಅವಕಾಶ ಇದೆ. "ನಾನು ಹೋದ ಮೇಲೆ ಅದು ಸ್ಟೇಷನ್ನಿನಲ್ಲಿ ತುಕ್ಕು ಹಿಡಿಯುವುದು ಬೇಡ ಮಾರಾಯ, ನಿನ್ನ ಹೆಸರಿಗೆ ಮಾಡಿಸಿಕೋ" ಅಂತ ಎರಡು ವರ್ಷದಿಂದ ಹೇಳುತ್ತಿದ್ದರು. ನಾನು ಮುಂದೂಡುತ್ತಿದ್ದೆ. ಕಾರಣ ಗೊತ್ತಿತ್ತು, ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ.

2019ರಲ್ಲಿ ನಾನು 28 ದಿನ ಆಸ್ಪತ್ರೆಯಲ್ಲಿದ್ದೆ. ಕುಡಿತ ಬಿಡಿಸಲು. ಮೊದಲ ನಾಲ್ಕು ದಿನ ಕಾಫಿ ಲೋಟ ಎರಡು ಕೈಯಲ್ಲಿ ಹಿಡಿದರೂ ತುಳುಕುತ್ತಿತ್ತು. ಥಯಾಮಿನ್ ಅನ್ನುವ ವಿಟಮಿನ್ ಇಂಜೆಕ್ಷನ್, ನಿದ್ರೆಗೆ ಮಾತ್ರೆ, ಆಮೇಲೆ ಮನೆಗೆ ಬಂದು ಒಂದು ವರ್ಷ ಡೈಸಲ್ಫಿರಾಮ್. ಆ ಮಾತ್ರೆ ತಗೊಂಡು ಕುಡಿದರೆ ಎದೆ ಹೊಡೆದುಕೊಂಡು ವಾಂತಿಯಾಗಿ ಒದ್ದಾಡಬೇಕಾಗುತ್ತದೆ. ದಿನಾ ಬೆಳಿಗ್ಗೆ ಹೆಂಡತಿಯೇ ಎದುರು ನಿಂತು ಕೊಡುತ್ತಿದ್ದಳು. ಅಲ್ಲಿಂದ ಇಲ್ಲಿಯವರೆಗೆ ಒಂದು ತೊಟ್ಟೂ ಇಲ್ಲ. ಆದರೆ ಡಿಸ್‌ಚಾರ್ಜ್ ಪತ್ರದಲ್ಲಿ 'ಆಲ್ಕೋಹಾಲ್ ಡಿಪೆಂಡೆನ್ಸ್ ಸಿಂಡ್ರೋಮ್' ಅಂತ ದಪ್ಪಕ್ಷರದಲ್ಲಿ ಇದೆ. ಬೀರುವಿನಲ್ಲಿ ಸೀರೆಗಳ ಕೆಳಗೆ ಇದೆ.

ಅಂಗಡಿಗೆ ಬರೋಣ. ಪ್ಯಾಕೇಜ್ 4,000 ರೂಪಾಯಿ. ಆನ್‌ಲೈನ್ ಅರ್ಜಿ ತುಂಬುವುದು, ಫೋಟೋ ಸಹಿ ಅಳತೆಗೆ ಸರಿ ಮಾಡುವುದು, ಅಪ್ಪನ ಹಳೇ ಲೈಸೆನ್ಸ್ ಪುಸ್ತಕದ ಪುಟಗಳು, ಅಕ್ಕನ ತಕರಾರಿಲ್ಲ ಅನ್ನುವ ಅಫಿಡವಿಟ್, ಎಲ್ಲ ಅವರೇ. ಈ ಕೆಲಸದಲ್ಲಿ ಆ ಹುಡುಗ ನಿಜಕ್ಕೂ ಚುರುಕು. ಪೋರ್ಟಲ್ ಎರಡು ಸಲ ಹ್ಯಾಂಗ್ ಆಯಿತು, ಅವನು ಎರಡು ಸಲವೂ ಸುಮ್ನೆ ಮೊದಲಿಂದ ಶುರು ಮಾಡಿದ. ನಾನಾಗಿದ್ದರೆ ಕೀಬೋರ್ಡ್ ಎತ್ತಿ ಕುಕ್ಕುತ್ತಿದ್ದೆ.

ಯಜಮಾನರ ವಿಷಯ ಬೇರೆ. ಗೋಡೆ ಮೇಲೆ ಲ್ಯಾಮಿನೇಟ್ ಮಾಡಿದ ಒಂದು ಪಟ್ಟಿ ಇದೆ: ಒಬ್ಬರಿಗೆ ಮೂರು ಆಯುಧ, ಲೈಸೆನ್ಸ್ ಮೂರು ವರ್ಷ. ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆಗಿ ಈಗ ಎರಡೇ ಆಯುಧ, ಲೈಸೆನ್ಸ್ ಐದು ವರ್ಷ. ಹೇಳಿದೆ. "ಹೌದಾ ಸಾರ್, ಬದಲಾಯಿಸಬೇಕು" ಅಂದರು. ಆಮೇಲೆ ಅರ್ಜಿಯಲ್ಲಿ ನನಗೆ ಗನ್ ಯಾಕೆ ಬೇಕು ಅನ್ನುವಲ್ಲಿ 'ಬೆಳೆ ರಕ್ಷಣೆ' ಅಂತ ಹಾಕಿಸಿದ್ದರು. ರಿವಾಲ್ವರ್ ಹಿಡಿದು ಕಾಡುಹಂದಿ ಓಡಿಸೋದಾ? ತೋಟದ ಕೋವಿಗೆ ಬರುವ ಅರ್ಜಿಗಳಿಗೆಲ್ಲ ಅದೇ ಬರೆದು ರೂಢಿ. ಉದ್ದ ನಳಿಗೆಯ ಕೋವಿಗೆ ಕಾನೂನು ಸ್ವಲ್ಪ ಸಲೀಸು, ಕೈಬಂದೂಕಿಗೆ ಹಾಗಲ್ಲ, ತಕ್ಕ ಕಾರಣ ತೋರಿಸಬೇಕು. ನಾನು ಸ್ಕ್ರೀನ್ ನೋಡದೇ ಇದ್ದಿದ್ದರೆ ಹಾಗೇ ಹೋಗುತ್ತಿತ್ತು.

ಇವೆಲ್ಲ ಸಣ್ಣಪುಟ್ಟದ್ದು. ಮುಖ್ಯವಾದದ್ದು ಎಸ್-3. ಅದು ವೈದ್ಯರ ಸರ್ಟಿಫಿಕೇಟ್. ಅರ್ಜಿದಾರರ ದೇಹ, ಮನಸ್ಸು ಎರಡೂ ಸರಿಯಿದೆ ಅನ್ನುವುದರ ಜೊತೆಗೆ, ಮದ್ಯ ಅಥವಾ ಮಾದಕ ವಸ್ತುಗಳಿಗೆ ಅಂಟಿಕೊಂಡವರಲ್ಲ ಅಂತ ಅದರಲ್ಲಿ ಬಿಡಿಸಿ ಬರೆದಿರಬೇಕು. ಯಜಮಾನರು ಡ್ರಾಯರ್ ಎಳೆದು ಒಂದು ಹಾಳೆ ತೆಗೆದರು. ಡಾಕ್ಟರ ಸೀಲು ಆಗಲೇ ಬಿದ್ದಿತ್ತು, ನೇರಳೆ ಬಣ್ಣ, ಸ್ವಲ್ಪ ಓರೆ. ಸಹಿಯೂ ಇತ್ತು. ಖಾಲಿ ಇದ್ದದ್ದು ಹೆಸರಿನ ಜಾಗ ಮಾತ್ರ. "ನೀವು ಹೋಗೋದೇ ಬೇಡ ಸಾರ್, ನಮ್ಮ ಡಾಕ್ಟರ್ ಇದ್ದಾರೆ."

ನಾನು ಟ್ರೀಟ್‌ಮೆಂಟ್ ವಿಷಯ ಹೇಳಿದೆ. ಅವರು ಬಾಗಿಲ ಕಡೆ ನೋಡಿ, ದನಿ ಇಳಿಸಿ, "ಅದನ್ನೆಲ್ಲ ಯಾಕೆ ಹೇಳ್ತೀರಾ ಸಾರ್, ಬರೆದರೆ ಫೈಲ್ ಅಲ್ಲೇ ಸತ್ತೋಯ್ತು, ಮೆಂಟಲ್ ಕೇಸ್ ಅಂತ ಮಾಡಿಬಿಡ್ತಾರೆ" ಅಂದರು.

ಸುಳ್ಳು ಹೇಳುವುದಿಲ್ಲ, ಆ ರಾತ್ರಿ ನಾನು ಅವರು ಹೇಳಿದ ಹಾಗೇ ಮಾಡೋಣ ಅಂತಲೇ ಇದ್ದೆ. ತಡೆದದ್ದು ಭಾವ. ವಕೀಲರು. ಫೋನಿನಲ್ಲೇ 1959ರ ಆಯುಧ ಕಾಯ್ದೆಯ 17ನೇ ಸೆಕ್ಷನ್ ಓದಿ ಹೇಳಿದರು. ಮುಖ್ಯ ಮಾಹಿತಿ ಮುಚ್ಚಿಟ್ಟು ಅಥವಾ ತಪ್ಪು ಮಾಹಿತಿ ಕೊಟ್ಟು ಲೈಸೆನ್ಸ್ ಪಡೆದಿದ್ದರೆ ಅದನ್ನು ರದ್ದು ಮಾಡಬಹುದು. ಅರ್ಜಿದಾರನೇ ಕೊಟ್ಟಿರಬೇಕು ಅಂತಿಲ್ಲ, ಅವನ ಪರವಾಗಿ ಬೇರೆಯವರು ಕೊಟ್ಟಿದ್ದರೂ ಅಷ್ಟೇ. ಅಂದರೆ ಅಂಗಡಿಯವನು ತುಂಬಿದ, ನನಗೇನು ಗೊತ್ತು ಅನ್ನುವ ಹಾಗಿಲ್ಲ. "ಮೆಂಟಲ್ ಕೇಸ್" ಅನ್ನುವುದೂ ಶುದ್ಧ ಬುರುಡೆ. ಕುಡಿತದಿಂದ ಬರುವ ತೊಂದರೆಯನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಕಾಯಿಲೆಗಳ ಲೆಕ್ಕಕ್ಕೆ ಸೇರಿಸುತ್ತದೆ, ನಿಜ. ಆದರೆ ಕಾಯಿಲೆ ಇದೆ ಅಂದ ಮಾತ್ರಕ್ಕೆ ಬುದ್ಧಿ ಸ್ವಾಧೀನದಲ್ಲಿಲ್ಲ ಅಂತ ಅಲ್ಲ, ಅದನ್ನು ಕೋರ್ಟೇ ಹೇಳಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ.

ಇನ್ನೊಂದು, ಪೊಲೀಸ್ ವೆರಿಫಿಕೇಶನ್ ಅಂತ ಒಂದಿದೆಯಲ್ಲ. ಬೀಟ್ ಪೊಲೀಸರು ಬಂದು ಕೇಳುವುದು ನಮ್ಮೂರ ಹೋಟೆಲಿನಲ್ಲಿ. ನಾನು ಕುಡಿದು ಬಿದ್ದಾಗ ಎಷ್ಟೋ ಸಲ ಎತ್ತಿ ಆಟೋದಲ್ಲಿ ಕೂರಿಸಿದ್ದು ಆ ಹೋಟೆಲಿನವರೇ. ಊರಿಗೆಲ್ಲ ಗೊತ್ತಿರುವುದನ್ನು ಫಾರಂನಲ್ಲಿ ಮುಚ್ಚಿಡೋದು ಎಂಥ ಬುದ್ಧಿವಂತಿಕೆ?

ಹಾಗಾಗಿ ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋದೆ. ಎರಡು ತಾಸು ಕಾದೆ. ಡಾಕ್ಟರ್ ನನಗಿಂತ ಚಿಕ್ಕವರು. ಹಳೇ ಡಿಸ್‌ಚಾರ್ಜ್ ಪತ್ರವನ್ನು ನಿಧಾನಕ್ಕೆ ಓದಿದರು. ಲಿವರ್ ಪರೀಕ್ಷೆಗೆ ಬರೆದುಕೊಟ್ಟರು, ಅದರಲ್ಲಿ ಜಿಜಿಟಿ ಅನ್ನುವುದಕ್ಕೆ ಸುತ್ತು ಹಾಕಿ. ಕುಡಿಯುವವರಲ್ಲಿ ಸಾಮಾನ್ಯವಾಗಿ ಏರುವ ಅಂಶ ಅದು. "ಸರ್ಟಿಫಿಕೇಟ್ ಕೇಳೋದು ಈಗ ಹೇಗಿದ್ದೀರಾ ಅಂತ. ಹಿಂದೆ ಇತ್ತಾ ಅಂತ ಅಲ್ಲ" ಅಂದರು. ಹಾಗಾದರೆ ಹಳೇದು ಬರೆಯೋದು ಬೇಡವಾ ಅಂದೆ. "ಬರೆಯುತ್ತೇನೆ. ಅದು ಇಲ್ಲದಿದ್ದರೆ ಈಗ ಸರಿ ಇದ್ದೀರಾ ಅನ್ನೋ ನನ್ನ ಮಾತಿಗೆ ತೂಕ ಎಲ್ಲಿಂದ ಬರುತ್ತೆ?" ಆ ಪತ್ರ ನನ್ನ ಕೈಗೇ ಕೊಡುತ್ತೇನೆ, ನನ್ನ ಒಪ್ಪಿಗೆ ಇಲ್ಲದೆ ಬೇರೆ ಯಾರಿಗೂ ಹೋಗುವುದಿಲ್ಲ ಅಂತಲೂ ಹೇಳಿದರು.

ಆಮೇಲೆ ನನ್ನನ್ನು ಹೊರಗೆ ಕೂರಿಸಿ ಹೆಂಡತಿ ಹತ್ತಿರ ಮಾತಾಡಿದರು. ಇಪ್ಪತ್ತು ನಿಮಿಷ. ಒಳಗೆ ಕರೆದಾಗ ಕೇಳಿದ ಮೊದಲ ಪ್ರಶ್ನೆಯೇ, ಆಗ ಸಾಯಬೇಕು ಅನ್ನಿಸಿತ್ತಾ ಅಂತ. ಒಂದು ರಾತ್ರಿ ಅನ್ನಿಸಿತ್ತು. ಹೇಳಿದೆ. ಅಪ್ಪನ ಬೀರು ತೆರೆದು ನೋಡಿದ್ದೆ, ರಿವಾಲ್ವರ್ ಇರಲಿಲ್ಲ. ಲೋಕಸಭಾ ಚುನಾವಣೆ ಅಂತ ಎಲ್ಲರೂ ಆಯುಧ ಸ್ಟೇಷನ್ನಿನಲ್ಲಿ ಜಮಾ ಮಾಡಿದ್ದ ವರ್ಷ ಅದು, ಹಾಗಾಗಿ ನನಗೆ ವಿಶೇಷ ಅನ್ನಿಸಿರಲಿಲ್ಲ. ಡಾಕ್ಟರ್ ನನ್ನ ಹೆಂಡತಿ ಮುಖ ನೋಡಿದರು. ಅವಳು ಹೇಳಿದಳು: "ಚುನಾವಣೆ ಮುಗಿದು ಮೂರು ತಿಂಗಳಾಗಿತ್ತು ರೀ. ಮಾವ ಬೇಕಂತಲೇ ತಂದಿರಲಿಲ್ಲ."

ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ. ಅಪ್ಪನಿಗೆ ಇನ್ನೂ ಕೇಳಿಲ್ಲ.

ಡಾಕ್ಟರ್ ಅವತ್ತು ಸಹಿ ಹಾಕಲಿಲ್ಲ. ರಕ್ತ ಪರೀಕ್ಷೆ ಬರಲಿ, ತಿಂಗಳು ಬಿಟ್ಟು ಇನ್ನೊಮ್ಮೆ ಇಬ್ಬರೂ ಬನ್ನಿ ಅಂದರು. ರಿವಾಲ್ವರ್ ಒಂದು ಕಡೆ, ಗುಂಡು ಇನ್ನೊಂದು ಕಡೆ, ಎರಡಕ್ಕೂ ಬೇರೆ ಬೀಗ ಅಂತ ಹೇಳಿದರು. ಎರಡನೇ ಸಲ ಹೋದಾಗ ಎಸ್-3 ಜೊತೆ ಅರ್ಧ ಪುಟದ ಪತ್ರ ಕೊಟ್ಟರು: ಇಂಥ ವರ್ಷ ಚಿಕಿತ್ಸೆ, ಇಷ್ಟು ಕಾಲದಿಂದ ಕುಡಿದಿಲ್ಲ, ಈಗ ಅವಲಂಬನೆ ಇಲ್ಲ. ಇದಕ್ಕೆ ಖರ್ಚಾಗಿದ್ದು ಓಪಿಡಿ ಚೀಟಿ, ಲ್ಯಾಬು, ಎರಡು ಸಲದ ಬಸ್ಸು. ಇದಕ್ಕೆ ಸ್ಟಾರ್ ಕೊಡುವುದಾದರೆ ಐದು, ಕಾಯುವ ಬೆಂಚಿಗೆ ಒಂದು ಕಳೆದು ನಾಲ್ಕು.

ಪತ್ರ ಹಿಡಿದು ಅಂಗಡಿಗೆ ಹೋದರೆ ಯಜಮಾನರ ಮುಖ ಹುಳ್ಳಗಾಯಿತು. "ನಿಮ್ಮ ರಿಸ್ಕ್ ಸಾರ್" ಅಂದರು. ಅಂಗಡಿಗೆ ಇದರಲ್ಲಿ ಜವಾಬ್ದಾರಿ ಇಲ್ಲ ಅಂತ ಬರೆಸಿಕೊಂಡರು, ಅದೂ ನನ್ನದೇ ಪೆನ್ನಲ್ಲಿ. ಎಸ್-3 ನಾವು ಮಾಡಿಸಿಲ್ಲ ಅಂತ 2,000 ವಾಪಸ್. ಕೇಳದೇ ಕೊಟ್ಟರು, ಅದು ಮೆಚ್ಚಬೇಕು.

ಈಗ ಫೈಲ್ ವೆರಿಫಿಕೇಶನ್‌ನಲ್ಲಿದೆ. ಬೀಟ್ ಪೊಲೀಸರು ಬಂದಿದ್ದರು. ಹೋಟೆಲಿಗೆ ಮೊದಲು, ಮನೆಗೆ ಆಮೇಲೆ. "ನೀವು ಮೊದಲು ಕುಡೀತಿದ್ರಂತೆ?" ಅಂದರು. ಪತ್ರದ ಜೆರಾಕ್ಸ್ ಕೊಟ್ಟೆ. ಓದಿ, ಮಡಚಿ ಡೈರಿಯೊಳಗೆ ಇಟ್ಟುಕೊಂಡು, ಕಾಫಿ ಕುಡಿದು ಹೋದರು. ಸಿಗುತ್ತೋ ಇಲ್ಲವೋ ನೋಡೋಣ. ತಿರಸ್ಕರಿಸಿದರೆ ಕಾರಣ ಬರಹದಲ್ಲಿ ಕೇಳಬಹುದು, ಮೇಲ್ಮನವಿಗೂ ದಾರಿ ಇದೆ ಅಂತ ಭಾವ ಹೇಳಿದ್ದಾರೆ. ಸಿಗದಿದ್ದರೆ ನನ್ನ ಹೆಂಡತಿಗೇನೂ ಬೇಜಾರಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಅಂಗಡಿಗೆ ಹೋಗಬೇಡಿ ಅನ್ನುವುದಿಲ್ಲ. ಫೋಟೋ, ಸ್ಕ್ಯಾನಿಂಗ್, ಪೋರ್ಟಲ್ ಕೆಲಸಕ್ಕೆ ಹೋಗಿ. ತುಂಬಿದ ಮೇಲೆ ಒಂದೊಂದು ಸಾಲೂ ನೀವೇ ಓದಿ. ಡ್ರಾಯರ್‌ಗೆ ಕೈ ಹಾಕಿದರೆ ಎದ್ದು ಬನ್ನಿ.

ದುಡ್ಡು ವಾಪಸ್ ತಗೊಂಡು ಮೆಟ್ಟಿಲು ಇಳಿಯುವಾಗ ಆ ಹುಡುಗ ಹಿಂದೆಯೇ ಬಂದ. ಏನೋ ಪೇಪರ್ ಮರೆತೆನಾ ಅಂದುಕೊಂಡೆ. ಮೇಲೆ ಒಮ್ಮೆ ನೋಡಿ, "ಅಣ್ಣ, ಆ ಡಾಕ್ಟರ್ ಯಾವ ದಿನ ಸಿಗ್ತಾರೆ?" ಅಂದ. ಯಾರಿಗೆ ಅಂತ ನಾನು ಕೇಳಲಿಲ್ಲ. ಮಂಗಳವಾರ, ಗುರುವಾರ. ಒಂಬತ್ತು ಗಂಟೆಗೇ ಹೋಗಿ ಚೀಟಿ ಮಾಡಿಸು ಅಂದೆ.