ಚೆಸ್ ಅಭ್ಯಾಸಕ್ಕೆಂದು ದುಬಾರಿ ಲ್ಯಾಪ್‌ಟಾಪ್ ಕೊಳ್ಳುವ ಪೋಷಕರ ಗಮನಕ್ಕೆ

ಕಳೆದ ವರ್ಷ ಕಾಫಿ ಮಾರಿ ಬಂದ ಹಣದಲ್ಲಿ 1,38,000 ರೂಪಾಯಿ ಕೊಟ್ಟು, ಮಗಳ ಚೆಸ್ ಅಭ್ಯಾಸಕ್ಕೆಂದು ಮೈಸೂರಿನ ಅಂಗಡಿಯೊಂದರಿಂದ ಲ್ಯಾಪ್‌ಟಾಪ್ ತಂದೆ. ಪ್ರೊಸೆಸರಿನ ವೇಗ ಎರಡರಷ್ಟಾದರೆ ಎಂಜಿನ್ನಿನ (ಚೆಸ್ ಆಡುವ ಪ್ರೋಗ್ರಾಮಿನ) ಬಲವೂ ಎರಡರಷ್ಟಾಗುತ್ತದೆ, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಸ್ಟಾಕ್‌ಫಿಶ್ ಎಂಬ ಎಂಜಿನ್ ಇನ್ನೂ ಆಳಕ್ಕೆ ನೋಡುತ್ತದೆ ಎಂದು ಅಂಗಡಿಯವರು ಹೇಳಿದ್ದನ್ನು ನಾನು ಪರೀಕ್ಷಿಸದೆ ನಂಬಿದೆ. ಸಿದ್ದಾಪುರ, ವಿರಾಜಪೇಟೆ, ಮಡಿಕೇರಿಗಳಲ್ಲಿ ಮಕ್ಕಳನ್ನು ಚೆಸ್‌ಗೆ ಹಾಕಿರುವ ಇತರ ಪೋಷಕರೂ ಇದೇ ಮಾತಿಗೆ ಹಣ ಸುರಿಯಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಗ್ರಾಫಿಕ್ಸ್ ಕಾರ್ಡಿನ ಮಾತಂತೂ ಪೂರ್ತಿ ತಪ್ಪು. ಸ್ಟಾಕ್‌ಫಿಶ್ ತನ್ನ ಲೆಕ್ಕವನ್ನೆಲ್ಲ ಪ್ರೊಸೆಸರಿನಲ್ಲೇ ಮಾಡುತ್ತದೆ. 2020ರಲ್ಲಿ ಅದಕ್ಕೆ ಸೇರಿಸಿದ ನರಜಾಲವನ್ನೂ (ಆಟಗಳಿಂದ ಕಲಿತು ಸ್ಥಿತಿಯನ್ನು ಅಳೆಯುವ ಭಾಗವನ್ನೂ) ಪ್ರೊಸೆಸರಿಗೆ ಹೊಂದುವಂತೆಯೇ ರೂಪಿಸಲಾಗಿದೆ. ಗ್ರಾಫಿಕ್ಸ್ ಕಾರ್ಡಿನಿಂದ ನಿಜವಾದ ಲಾಭ ಪಡೆಯುವುದು ಲೀಲಾದಂತಹ ಬೇರೆ ಬಗೆಯ ಎಂಜಿನ್. ನಾನು ಕೊಟ್ಟ ಬೆಲೆಯಲ್ಲಿ ದೊಡ್ಡ ಪಾಲು ಮಗಳು ಒಮ್ಮೆಯೂ ಬಳಸದ ಆ ಕಾರ್ಡಿಗೆ ಹೋಯಿತು.

ವೇಗದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆಟದ ನಡುಘಟ್ಟದಲ್ಲಿ ಸರಾಸರಿ 35ರಷ್ಟು ನಡೆಗಳು ಸಾಧ್ಯವಿರುವುದರಿಂದ, ಎಂಜಿನ್ ನಿಷ್ಪ್ರಯೋಜಕ ಕವಲುಗಳನ್ನು ಎಷ್ಟೇ ಕತ್ತರಿಸಿದರೂ, ಪ್ರತಿ ಹೆಜ್ಜೆ ಮುಂದೆ ನೋಡಲು ಕೆಲಸ ಹಲವು ಪಟ್ಟು ಬೆಳೆಯುತ್ತದೆ. ಹಿಂದಿನ ಪ್ರೋಗ್ರಾಮ್‌ಗಳಲ್ಲಿ ವೇಗ ಎರಡರಷ್ಟಾದರೆ ಸಿಗುತ್ತಿದ್ದುದು ಸುಮಾರು 50ರಿಂದ 70 ರೇಟಿಂಗ್ ಅಂಕ (ಆಟದ ಬಲ ಅಳೆಯುವ ಅಂಕ). 70 ಅಂಕವೆಂದರೆ ಮೊದಲು ಸಮಬಲವಿದ್ದ ಎದುರಾಳಿಯ ವಿರುದ್ಧ 100 ಆಟಗಳಲ್ಲಿ 50ರ ಬದಲು 60 ಪಾಯಿಂಟ್. ಆಳ ಹೆಚ್ಚಿದಂತೆ ಈ ಲಾಭವೂ ಕರಗುತ್ತದೆ. 1997ರಲ್ಲಿ ಅಂದಿನ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಿದ ಡೀಪ್ ಬ್ಲೂ ಕಂಪ್ಯೂಟರ್ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು (ಹಲಗೆಯ ಮೇಲಿನ ಕಾಯಿಗಳ ಜೋಡಣೆಗಳನ್ನು) ನೋಡುತ್ತಿತ್ತು. ಕೇವಲ ಹನ್ನೆರಡು ವರ್ಷಗಳ ನಂತರ, 2009ರಲ್ಲಿ, ಮೊಬೈಲ್ ಫೋನಿನಲ್ಲಿ ಓಡುತ್ತಿದ್ದ ಪಾಕೆಟ್ ಫ್ರಿಟ್ಜ್ 4 ಸೆಕೆಂಡಿಗೆ 20,000ಕ್ಕಿಂತ ಕಡಿಮೆ ಸ್ಥಿತಿಗಳನ್ನು ನೋಡಿಯೇ ಬ್ಯೂನಸ್ ಐರಿಸ್‌ನ ಪಂದ್ಯಾವಳಿಯೊಂದರಲ್ಲಿ 10ಕ್ಕೆ 9.5 ಅಂಕ ಗಳಿಸಿತು. ವೇಗಕ್ಕಿಂತ ಬರೆದ ಪ್ರೋಗ್ರಾಮಿನ ಜಾಣತನ ಎಷ್ಟು ದೊಡ್ಡದೆಂಬುದನ್ನು ಕೊಳ್ಳುವ ಮೊದಲೇ ತಿಳಿದಿದ್ದರೆ ಎಂದು ಈಗಲೂ ಮನಸ್ಸು ಚುಚ್ಚುತ್ತದೆ.

ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ವೇಗವಾದರೂ ನಮಗೆ ಸಿಕ್ಕಿತೇ ಎಂದರೆ ಅದೂ ಇಲ್ಲ. ಒಂದು ಸಂಜೆ ಆನೆ ಮತ್ತು ಕಾಲಾಳುಗಳಷ್ಟೇ ಉಳಿದ ಸ್ಥಿತಿಯೊಂದನ್ನು ಎಂಜಿನ್ನಿಗೆ ಕೊಟ್ಟು, ಪರದೆಯ ಮೂಲೆಯಲ್ಲಿ ಕಾಣುವ ಸಂಖ್ಯೆಯನ್ನು ಮಗಳು ಓದಿ ಹೇಳುತ್ತಿದ್ದಂತೆ ನಾನು ತೋಟದ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡೆ. ಮೊದಲ ಅರ್ಧ ನಿಮಿಷ ಸೆಕೆಂಡಿಗೆ 98 ಲಕ್ಷ ಸ್ಥಿತಿಗಳಿದ್ದವು. ಫ್ಯಾನ್ ಜೋರಾಗಿ ಕೂಗತೊಡಗಿತು, ಕೀಬೋರ್ಡಿನ ಮೇಲ್ಭಾಗ ಕೈಯಿಡಲಾಗದಷ್ಟು ಕಾಯಿತು, ಹತ್ತನೆಯ ನಿಮಿಷಕ್ಕೆ ಸಂಖ್ಯೆ 54 ಲಕ್ಷಕ್ಕೆ ಇಳಿದು ಅಲ್ಲೇ ನಿಂತಿತು. ಬಿಸಿ ಮಿತಿ ಮೀರದಂತೆ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುವುದರಿಂದ ಹೀಗಾಗುತ್ತದೆ. ಜುಲೈ ಮಳೆಯಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಹೋದಾಗ, ಬ್ಯಾಟರಿಯ ಮೇಲೆ ಅದು ಇನ್ನೂ ನಿಧಾನವಾಯಿತು. ಅಂದರೆ ನಮ್ಮ ಕಡೆಯ ಮಳೆಗಾಲದಲ್ಲಿ, ಮಕ್ಕಳು ಮನೆಯೊಳಗೇ ಕೂತು ಅಭ್ಯಾಸ ಮಾಡುವ ತಿಂಗಳುಗಳಲ್ಲೇ, ಕೊಂಡ ವೇಗ ಕೈಗೆ ಸಿಗುವುದಿಲ್ಲ.

ನಮ್ಮ ಆರು ವರ್ಷ ಹಳೆಯ ಲ್ಯಾಪ್‌ಟಾಪಿನಲ್ಲಿ ಉಚಿತವಾಗಿ ಸಿಗುವ ಸ್ಟಾಕ್‌ಫಿಶ್‌ನ ಹೊಸ ಆವೃತ್ತಿಯನ್ನು ಹಾಕಿ, ಮಗಳ ಸೋತ ಆಟಗಳನ್ನು ಎರಡರಲ್ಲೂ ಪರಿಶೀಲಿಸಿದೆವು. ಅವಳು ತಪ್ಪಿದ ನಡೆಗಳನ್ನೆಲ್ಲ ಹಳೆಯದೂ ಕೆಲವೇ ಸೆಕೆಂಡುಗಳಲ್ಲಿ ತೋರಿಸಿತು. ಹನ್ನೆರಡು ವರ್ಷದ ಮಗುವಿಗೆ, ಅಷ್ಟೇ ಏಕೆ, ವಿಶ್ವ ಚಾಂಪಿಯನ್ನನಿಗೂ ಎರಡರಲ್ಲಿ ಯಾವುದರ ಎದುರೂ ಗೆಲುವು ಬಹುತೇಕ ಅಸಾಧ್ಯವೇ.

ಮೊಹರು ಒಡೆದ ಮೇಲೆ ವಾಪಸ್ ಪಡೆಯುವುದಿಲ್ಲವೆಂದು ಅಂಗಡಿಯವರು ಹೇಳಿಬಿಟ್ಟರು. ವೇಗದ ಯಂತ್ರ ಬೇಕೇ ಬೇಕೆನ್ನುವವರು ಹಣ ಕೊಡುವ ಮೊದಲು, ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಅದೇ ಮಾದರಿಯಲ್ಲಿ ಎಂಜಿನ್ನನ್ನು ಇಪ್ಪತ್ತು ನಿಮಿಷ ಬಿಡದೆ ಓಡಿಸಿ, ಕೊನೆಯ ಐದು ನಿಮಿಷಗಳ ಸಂಖ್ಯೆಯನ್ನು ಬರೆದುಕೊಳ್ಳಿ. ಅದಕ್ಕೆ ಒಪ್ಪದ ಅಂಗಡಿಯಿಂದ ಎದ್ದು ಬನ್ನಿ.