ಕಬ್ಬಿನ ಬಿಲ್ಲು ಗೊತ್ತಿಲ್ಲದ ಬಜೆಟ್ ತಂತ್ರಾಂಶ: ಮೂರು ವರ್ಷ ಬಳಸಿದ ಮೇಲೆ

ಮೊದಲೆರಡು ವರ್ಷ ಈ ತಂತ್ರಾಂಶವನ್ನು ನಾನು ಬೈಯದ ದಿನವಿಲ್ಲ. ಬಾಗಲಕೋಟೆ ಜಿಲ್ಲೆಯಲ್ಲಿ, ಘಟಪ್ರಭೆಯ ಬದಿಯ ಪುರಸಭೆಯೊಂದರ ಲೆಕ್ಕ ಶಾಖೆಯಲ್ಲಿ ಕೂರುವವನು ನಾನು. ಆಯವ್ಯಯದ ನಮೂನೆಗಳು, ಜಮಾಖರ್ಚು, ಮುದ್ರಣ ಎಲ್ಲವೂ ಕಂಪನಿಯವರು ತೋರಿಸಿದಂತೆಯೇ ನಡೆಯುತ್ತವೆ. ನನ್ನ ತಕರಾರು ಮುಂದಿನ ತಿಂಗಳುಗಳ ಆದಾಯ ಅಂದಾಜು ಮಾಡುವ ಪುಟದ ಮೇಲೆ.

ಅದು ವರ್ಷದ ಆಸ್ತಿ ತೆರಿಗೆಯನ್ನು, ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಹಾಗೆ, ಹನ್ನೆರಡು ಸಮಪಾಲು ಮಾಡಿಬಿಡುತ್ತದೆ. ನಮ್ಮಲ್ಲಿ ತೆರಿಗೆ ಹಾಗೆ ಬರುತ್ತದೆಯೇ? ಏಪ್ರಿಲ್‌ನಲ್ಲಿ ಶೇ 5ರ ರಿಯಾಯಿತಿಗಾಗಿ ಸರದಿ ನಿಲ್ಲುವವರು ನೌಕರರು, ಅಂಗಡಿಕಾರರು. ಉಳಿದವರ ಬಾಗಿಲಿಗೆ ಕರ ವಸೂಲಿಗಾರ ಹೋದರೆ ಒಂದೇ ಮಾತು: “ಕಬ್ಬಿನ ಬಿಲ್ಲು ಬರಲಿ ಸಾಹೇಬರೇ, ಅಂದೇ ತುಂಬುತ್ತೇನೆ.” ಕಬ್ಬು ಕೊಟ್ಟ 14 ದಿನದೊಳಗೆ ಸಕ್ಕರೆ ಕಾರ್ಖಾನೆಯಿಂದ ರೈತನಿಗೆ ಹಣ ಸೇರಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಕಾರ್ಖಾನೆ ತಡಮಾಡಿದರೆ ರೈತನೂ ತಡ, ಪುರಸಭೆಯೂ ತಡ.

ಖರ್ಚು ಮಾತ್ರ ಕಾಯುವುದಿಲ್ಲ. ಪೌರಕಾರ್ಮಿಕರ ವೇತನ, ನದಿಯಿಂದ ನೀರೆತ್ತುವ ಜಾಕ್‌ವೆಲ್ ಪಂಪುಗಳ ವಿದ್ಯುತ್ ಬಿಲ್ಲು ತಿಂಗಳು ತಿಂಗಳೂ ಬರುತ್ತವೆ. ಎರಡನೆಯ ವರ್ಷ ಆಗಸ್ಟ್ ತಿಂಗಳಿಗೆ ಪರದೆ ಹಸಿರು ತೋರಿಸಿತು. ನಂಬಿ ರಸ್ತೆಯ ಗುಂಡಿ ಮುಚ್ಚುವ ಕೆಲಸಕ್ಕೆ ಹೂಂ ಎಂದೆವು. ಹಣ ಬರಲಿಲ್ಲ. ಕೇಂದ್ರದಿಂದ ಬರುವ 15ನೇ ಹಣಕಾಸು ಆಯೋಗದ ಅನುದಾನಕ್ಕೆ ಕೈಹಾಕುವಂತಿರಲಿಲ್ಲ: ಅದರಲ್ಲಿ ಶೇ 60 ಕುಡಿಯುವ ನೀರು, ನೈರ್ಮಲ್ಯಕ್ಕೆ ಕಟ್ಟಿಟ್ಟದ್ದು, ಉಳಿದದ್ದಕ್ಕೆ ಆಗಲೇ ಕ್ರಿಯಾಯೋಜನೆ ಆಗಿತ್ತು. ಗುತ್ತಿಗೆದಾರ ಎರಡು ತಿಂಗಳು ನನ್ನ ಮೇಜಿನ ಎದುರಿನ ಬೆಂಚು ಬಿಟ್ಟು ಏಳಲಿಲ್ಲ.

ತಂತ್ರಾಂಶದ ಪರವಾನಗಿ ಮುಂದುವರಿಸುವುದು ಬೇಡವೆಂದು ಟಿಪ್ಪಣಿ ಬರೆದು, ಕಡತವನ್ನು ಮುಖ್ಯಾಧಿಕಾರಿಗೆ ಮಂಡಿಸುವ ಹಿಂದಿನ ದಿನ ನಮ್ಮ ಕಂಪ್ಯೂಟರ್ ಆಪರೇಟರ್ ಹುಡುಗಿ, “ಸರ್, ಇಲ್ಲೊಂದು ಕೋಷ್ಟಕ ಇದೆ ನೋಡಿ” ಎಂದಳು. ಸೆಟ್ಟಿಂಗ್‌ನ ಒಳಗೆ, ಅದರೊಳಗೆ, ಮತ್ತೂ ಒಳಗೆ, ತಿಂಗಳವಾರು ಪಾಲನ್ನು ನಾವೇ ತುಂಬಬಹುದಾದ ಕೋಷ್ಟಕ! ಎರಡು ವರ್ಷ ಬೈದದ್ದರಲ್ಲಿ ಅರ್ಧ ನನಗೇ ಸೇರಬೇಕು; ಅದನ್ನು ಹಾಗೆ ಬಚ್ಚಿಟ್ಟವರಿಗೆ ಇನ್ನರ್ಧ.

ಹತ್ತು ವರ್ಷದ ಕೀರ್ದಿ ಪುಸ್ತಕಗಳ ಧೂಳು ಕೊಡವಿ, ಏಪ್ರಿಲ್‌ಗೆ ಒಂದಿಷ್ಟು, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ದೊಡ್ಡ ಪಾಲು ಇಟ್ಟೆ. ಈಗ ಬೆಳಿಗ್ಗೆ ಹತ್ತೂವರೆಗೆ ವಸೂಲಿಗಾರರು ಹಿಂದಿನ ದಿನದ ರಸೀದಿ ಪುಸ್ತಕಗಳನ್ನು ಮೇಜಿನ ಮೇಲಿಡುತ್ತಾರೆ. ಬೆರಳಿಗೆ ಕಾರ್ಬನ್ನಿನ ಮಸಿ ಹತ್ತುತ್ತದೆ. ಚಹಾ ಆರುವುದರೊಳಗೆ ಮೊತ್ತ ತುಂಬಿ, ಅಂದಾಜಿನ ನೀಲಿ ಗೆರೆಗೆ ವಸೂಲಿಯ ಕಪ್ಪು ಗೆರೆ ಎಷ್ಟು ಹತ್ತಿರ ಬಂತೆಂದು ನೋಡುತ್ತೇನೆ. ಈ ಜನವರಿಯಲ್ಲಿ ಎರಡೂ ಒಂದರ ಮೇಲೊಂದು ಕುಳಿತ ದಿನ ಇಡೀ ಶಾಖೆಯನ್ನು ಕರೆದು ತೋರಿಸಿದೆ. ಯಾರಿಗೂ ನನ್ನಷ್ಟು ಖುಷಿಯಾದಂತೆ ಕಾಣಲಿಲ್ಲ.

ತಂತ್ರಾಂಶದ ಶುಲ್ಕ ಹೋಗುವುದು ನಮ್ಮ ಸ್ವಂತ ನಿಧಿಯಿಂದ. ವಾರದ ಸಂತೆಯ ಹರಾಜಿನಿಂದ ಬರುವುದರಲ್ಲಿ ಕಾಲುಭಾಗ ಇದಕ್ಕೇ ಬೇಕು. ಮಹಾನಗರ ಪಾಲಿಕೆಗೆ ಚಿಲ್ಲರೆ, ನಮಗೆ ಭಾರ. ಆದರೂ ಈ ಸಲ ಕಟ್ಟಿದೆವು. ಐದಕ್ಕೆ ಮೂರೂವರೆ ನಕ್ಷತ್ರ. ನಾಲ್ಕು ಕೊಡದೆ ಅರ್ಧ ಕಡಿಮೆ ಮಾಡಿದ್ದಕ್ಕೆ ಕಾರಣವಿದೆ: ಪ್ರತಿ ಅಪ್‌ಡೇಟ್ ಬಂದಾಗಲೂ ನನ್ನ ಕೋಷ್ಟಕ ಅಳಿಸಿ ಮತ್ತೆ ಹನ್ನೆರಡು ಸಮಪಾಲು. ಅದಕ್ಕೇ ಪಾಲುಗಳ ಪಟ್ಟಿಯನ್ನು ಕಾಗದದ ಮೇಲೆ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿದ್ದೇನೆ. ಅಪ್‌ಡೇಟ್ ಆದ ದಿನ ಮೊದಲು ಅದನ್ನು ನೋಡಿ ತುಂಬುವುದು, ಆಮೇಲೆ ಚಹಾ.