ಸರ್‌ನೇಮ್ ಇಲ್ಲದ ಅಮ್ಮನ ಪಾಸ್‌ಪೋರ್ಟೂ ಕುಂಬಳೆಯ ಟ್ರಾವೆಲ್ಸ್ ಅಂಗಡಿಯೂ

ಗಲ್ಫ್ ವೀಸಾ ಮಾಡಿಸಲು ಕಾಸರಗೋಡು ಹತ್ತಿರದ ಕುಂಬಳೆ ಕಡೆ ಯಾರು ಆಗಬಹುದು ಅಂತ ಕೇಳುತ್ತಿರುತ್ತೀರಲ್ಲ, ಅವರಿಗಾಗಿ ಬರೆಯುತ್ತಿದ್ದೇನೆ. ಅಂಗಡಿಯ ಹೆಸರು ಹಾಕುವುದಿಲ್ಲ. ಈಗಲೇ ಅಲ್ಲಿ ಕೂರಲು ಬೆಂಚು ಸಾಲುವುದಿಲ್ಲ.

ತಂಗಿ ಯುಎಇಯ ಶಾರ್ಜಾದಲ್ಲಿದ್ದಾಳೆ. ಬಾಣಂತನಕ್ಕೆ ಅಮ್ಮ ಹೋಗಬೇಕಿತ್ತು. ಮೊದಲು ಫೋನಿನಲ್ಲೇ ಒಬ್ಬ ಏಜೆಂಟ್ ಸಿಕ್ಕಿದ. ಪಾಸ್‌ಪೋರ್ಟಿನ ಮೊದಲ ಪುಟದ ಫೋಟೋ ಕಳಿಸಿ, ಗೂಗಲ್ ಪೇ ಮಾಡಿ, ನಾಲ್ಕು ದಿನಕ್ಕೆ ವೀಸಾ ಕೈಯಲ್ಲಿ ಅಂದ. ಇನ್ನೇನು ದುಡ್ಡು ಹಾಕಬೇಕು, ಅಷ್ಟರಲ್ಲಿ ಪಕ್ಕದ ಮನೆಯವರು ಒಮ್ಮೆ ಕುಂಬಳೆಯಲ್ಲಿ ತೋರಿಸಿ ಅಂದರು, ಹೋದೆವು.

ಅಂಗಡಿಯವರು ಕನ್ನಡಕವನ್ನು ಹಣೆಗೆ ಏರಿಸಿ, ಪಾಸ್‌ಪೋರ್ಟನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. 'ಅಕ್ಕನಿಗೆ ಸರ್‌ನೇಮ್ ಇಲ್ಲವಲ್ಲ' ಅಂದರು. ಅಮ್ಮನ ಪಾಸ್‌ಪೋರ್ಟಿನಲ್ಲಿ 'ಸರಸ್ವತಿ' ಅಂತ ಮಾತ್ರ ಇದೆ, ಸರ್‌ನೇಮ್ ಜಾಗ ಖಾಲಿ. 2022ರ ನವೆಂಬರಿನಿಂದ ಯುಎಇಯಲ್ಲಿ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾದಲ್ಲಿ ಒಳಗೆ ಬಿಡುವುದಿಲ್ಲವಂತೆ. ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆಗುತ್ತದೆ ಅಂತ ಆಮೇಲೆ ತಿದ್ದಿದ್ದಾರೆ. ಅಮ್ಮನದ್ದರಲ್ಲಿ ಅಜ್ಜನ ಹೆಸರು ಇತ್ತು. ಹಾಗಾದರೆ ಸರಿಯಾಯಿತಲ್ಲ, ಅರ್ಜಿ ಹಾಕಿ ಅಂದೆ ನಾನು. ಅವರು ಹಾಕಲಿಲ್ಲ! ಪಾಸ್‌ಪೋರ್ಟಿನ ಅವಧಿ ಇನ್ನು ಏಳು ತಿಂಗಳಿಗೆ ಮುಗಿಯುತ್ತದೆ, ಹೋಗುವ ಹೊತ್ತಿಗೆ ಆರು ತಿಂಗಳೂ ಉಳಿಯುವುದಿಲ್ಲ, ಆಗ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ಕೌಂಟರಿನಲ್ಲೇ ತಡೆಯುತ್ತಾರೆ, ಹೇಗೂ ಹೊಸತು ಮಾಡಿಸಬೇಕು, ಅದರಲ್ಲೇ ಸರ್‌ನೇಮ್ ಸೇರಿಸಿಬಿಡುವ ಅಂದರು. ವೀಸಾದ ದುಡ್ಡು ಎಣಿಸಿಕೊಂಡು ಹೋದವರನ್ನು ದುಡ್ಡು ಮುಟ್ಟದೆ ವಾಪಸ್ ಕಳಿಸಿದ ಟ್ರಾವೆಲ್ಸ್ ಅಂಗಡಿ ನಾನು ನೋಡಿದ್ದು ಇದೊಂದೇ.

ಸರ್‌ನೇಮ್ ಅಂತ ಏನು ಹಾಕುವುದು? ಆಧಾರಿನಲ್ಲಿ 'ಸರಸ್ವತಿ ಅಮ್ಮ' ಅಂತ ಇದೆ, ನಮ್ಮ ಕಡೆ ಹಳೆಯ ಹೆಂಗಸರ ಹೆಸರೆಲ್ಲ ಹಾಗೇ ಅಲ್ವಾ. 'ಅಮ್ಮ ಅಂತಲೇ ಸರ್‌ನೇಮ್ ಹಾಕುವ' ಅಂದರು. ಅಮ್ಮನಿಗೆ ನಗು ತಡೆಯಲಾಗಲಿಲ್ಲ. 'ಈ ಪ್ರಾಯದಲ್ಲಿ ದುಬೈಯವರಿಗೂ ಅಮ್ಮ ಆದೆನಲ್ಲ ಮಗಾ!'

ಕಾಸರಗೋಡು ಹೆಡ್ ಪೋಸ್ಟಾಫೀಸಿನ ಪಾಸ್‌ಪೋರ್ಟ್ ಕೇಂದ್ರದಲ್ಲಿ ಅಪಾಯಿಂಟ್‌ಮೆಂಟ್ ಮಾಡಿಕೊಟ್ಟರು. ಸರಕಾರದ ಫೀಸು 1500, ಇವರ ಚಾರ್ಜು 250. ಪೊಲೀಸರು ಮನೆಗೆ ಬಂದು ನೋಡಿ ಹೋದರು. ಪಾಸ್‌ಪೋರ್ಟ್ ಬಂದ ಮೇಲೆ ವೀಸಾ. ಮೂವತ್ತು ದಿನದ್ದು ಅಗ್ಗ, ಆದರೆ ಬಾಣಂತನ ಅಷ್ಟಕ್ಕೆ ಮುಗಿಯುತ್ತದಾ, ಅರುವತ್ತು ದಿನದ್ದೇ ಮಾಡಿ, ದಾಟಿದರೆ ದಿನಕ್ಕೆ 50 ದಿರಮ್ ದಂಡ ಅಂದರು. ತಂಗಿಯ ಎಮಿರೇಟ್ಸ್ ಐಡಿ (ಅಲ್ಲಿನ ಗುರುತಿನ ಚೀಟಿ), ಅವರ ಮನೆಯ ಬಾಡಿಗೆ ಪತ್ರ, ರಿಟರ್ನ್ ಟಿಕೆಟ್, ಎಲ್ಲ ಒಟ್ಟಿಗೆ ಪಿನ್ ಮಾಡಿ ಕೊಟ್ಟರು.

ಒಂದು ದಿನ ನಾವು ಕೂತಿದ್ದಾಗ ಉಪ್ಪಳ ಕಡೆಯ ಒಬ್ಬ ಹುಡುಗ ಬಂದ. ಪಾಸ್‌ಪೋರ್ಟಿನಲ್ಲಿ ಇಸಿಆರ್ ಅಂತ ಇದೆ (ಅಂದರೆ ಗಲ್ಫಿಗೆ ಕೆಲಸಕ್ಕೆ ಹೋಗುವ ಮೊದಲು ಸರಕಾರದ ಅನುಮತಿ ಬೇಕು), ಯಾರೋ ವಿಸಿಟ್ ವೀಸಾದಲ್ಲಿ ಹೋಗು, ಕೆಲಸ ಅಲ್ಲಿ ಸರಿ ಮಾಡುವ, 80,000 ಕೊಡು ಅಂದಿದ್ದಾರೆ. ಇವರು ಅಂಗಡಿ ತುಂಬ ಜನ ಇದ್ದಾರೆ ಅಂತಲೂ ನೋಡದೆ ಬೈದರು. 'ಹತ್ತನೇ ಪಾಸಾಗಿದ್ದೀಯಲ್ಲ ತಮ್ಮಾ, ಆ ಸರ್ಟಿಫಿಕೇಟ್ ಕೊಟ್ಟು ಇಸಿಆರ್ ತೆಗೆಸು. ನೋಂದಾಯಿಸಿದ ಏಜೆಂಟ್ ಆದರೂ 30,000 ಮತ್ತು ಜಿಎಸ್‌ಟಿಗಿಂತ ಜಾಸ್ತಿ ತಕ್ಕೊಳ್ಳುವ ಹಾಗಿಲ್ಲ. ವಿಸಿಟ್ ವೀಸಾದಲ್ಲಿ ಕೆಲಸ ಮಾಡಿ ಸಿಕ್ಕಿಬಿದ್ದರೆ ಆ ಮನುಷ್ಯ ಫೋನ್ ಎತ್ತುತ್ತಾನಾ?' ಹುಡುಗ ಸುಮ್ನೆ ತಲೆ ತಗ್ಗಿಸಿ ಕೂತ.

ಕೊರತೆ ಇಲ್ಲದಿಲ್ಲ. ವಾಟ್ಸಾಪಿಗೆ ಉತ್ತರ ಬರುವುದಿಲ್ಲ, ನೀಲಿ ಗೆರೆ ಮಾತ್ರ ಬರುತ್ತದೆ. ಮೂರು ದಿನ ಅಂದ ವೀಸಾ ಬಂದದ್ದು ಆರನೇ ದಿನ, ಅಷ್ಟರಲ್ಲಿ ಟಿಕೆಟ್ ರೇಟು ಏರಿತ್ತು, ಅದು ನನಗೆ ಇನ್ನೂ ಉರಿಯುತ್ತಿದೆ. ರಶೀದಿ ಕೇಳಿದರೆ ತುಂಡು ಕಾಗದದಲ್ಲಿ ಬರೆದು ಕೊಡುತ್ತಾರೆ. ಬೋರ್ಡು ಮಲಯಾಳದಲ್ಲಿದೆ, ಆದರೆ ಒಳಗೆ ಕನ್ನಡ, ತುಳು ಎರಡೂ ನಡೆಯುತ್ತದೆ, ಅಮ್ಮನಿಗೆ ಅಷ್ಟು ಸಾಕಾಯಿತು.

ಬಜ್ಪೆಯಲ್ಲಿ ಕೌಂಟರಿನ ಹುಡುಗಿ ಹೆಸರು ನೋಡಿ ಏನೂ ಕೇಳಲಿಲ್ಲ. ಅಮ್ಮ ಮಾತ್ರ ಕೊನೆಯವರೆಗೂ 'ಇದರಲ್ಲಿ ಸೀಲೇ ಇಲ್ಲವಲ್ಲ, ಬರೀ ಕಾಗದ' ಅಂತ ವೀಸಾದ ಪ್ರಿಂಟನ್ನು ಮಡಚಿ ಬಿಚ್ಚಿ ನೋಡುತ್ತಲೇ ಇದ್ದಳು.

ಹೋಗುವವರು ಜೆರಾಕ್ಸ್ ಮಾಡಿಸಿಕೊಂಡೇ ಹೋಗಿ, ಅವರ ಮೆಷಿನ್ ಹಾಳಾಗಿದೆ. ಶುಕ್ರವಾರ ಮಧ್ಯಾಹ್ನ ಎರಡೂವರೆವರೆಗೆ ಬಾಗಿಲು ಹಾಕಿರುತ್ತದೆ.